ಮಳೆ ಲೆಕ್ಕದ ಪುಟ ಎಲ್ಲಿ ತಡವರಿಸುತ್ತಿತ್ತು?

ಕೊಡಗಿನ ಕಾಫಿ ತೋಟಗಳಲ್ಲಿ ದಿನವೂ ಮಳೆ ಅಳೆದು ಬರೆದಿಡುವ ಅಭ್ಯಾಸ ಹಳೆಯದು. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕ. ವಿರಾಜಪೇಟೆ ಹತ್ತಿರದ ಒಂದು ತೋಟಕ್ಕೆ ಆ ಲೆಕ್ಕದ ಪುಸ್ತಕವನ್ನು ಪುಟ ಕಟ್ಟುವ ಕೋಡ್ ಲೈಬ್ರರಿಯಾದ ರಿಯಾಕ್ಟ್‌ನಲ್ಲಿ ವೆಬ್ ಪುಟವಾಗಿ ಮಾಡಿಕೊಟ್ಟೆ. 10 ವರ್ಷದ ಲೆಕ್ಕವೂ ಒಂದೇ ಪುಟದಲ್ಲಿ ಬೇಕು ಅಂದರು ಮಾಲೀಕರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಯಾವ ವರ್ಷ ಯಾವಾಗ ಬಂತು ಅಂತ ಹೋಲಿಸಿ ನೋಡಬೇಕಲ್ವಾ? ಅಲ್ಲಿಗೆ 3,650ಕ್ಕೂ ಜಾಸ್ತಿ ಖಾನೆಗಳು. ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡಿತು. ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ, "ಅಂಕಿ ಒತ್ತಿದ್ರೆ ಸ್ವಲ್ಪ ಹೊತ್ತು ಏನೂ ಕಾಣಲ್ಲ ಸಾರ್" ಅಂದರು.

ಅವರ ಫೋನಿನಲ್ಲೇ ಅಳೆದೆ. ಕೇಬಲ್ ಹಾಕಿ ಲ್ಯಾಪ್‌ಟಾಪ್‌ನ ಕ್ರೋಮ್‌ಗೆ ಜೋಡಿಸಿದರೆ ಫೋನಿನ ಪುಟವನ್ನು ಅದರ ತಪಾಸಣೆ ಸಲಕರಣೆಯಾದ ಡೆವ್‌ಟೂಲ್ಸ್‌ನಲ್ಲಿ ನೋಡಬಹುದು. ಡೆವಲಪ್‌ಮೆಂಟ್ ಬಿಲ್ಡ್‌ನ (ಕೋಡ್ ಬರೆಯುವಾಗ ಓಡಿಸುವ ರೂಪದ) ಅಂಕಿಗಳನ್ನು ನಾನು ನಂಬುವುದಿಲ್ಲ. ಅದರಲ್ಲಿ ತಪಾಸಣೆಯ ಕೋಡ್ ಜಾಸ್ತಿ. ತಪ್ಪು ಹಿಡಿಯಲು ಹಾಕುವ ಸ್ಟ್ರಿಕ್ಟ್ ಮೋಡ್ ಇದ್ದರೆ ಕಾಂಪೊನೆಂಟ್ (ಪುಟದ ಒಂದು ತುಂಡು) ಎರಡು ಸಲ ರೆಂಡರ್ ಆಗುತ್ತದೆ, ಅಂದರೆ ಏನು ತೋರಿಸಬೇಕು ಅನ್ನುವ ಲೆಕ್ಕ ಎರಡು ಸಲ ನಡೆಯುತ್ತದೆ. ಬಳಸುವವರಿಗೆ ಕೊಡುವ ಮಾಮೂಲಿ ಪ್ರೊಡಕ್ಷನ್ ಬಿಲ್ಡ್‌ನಲ್ಲಿ ರೆಂಡರ್ ಹೊತ್ತು ಅಳೆಯುವ ಪ್ರೊಫೈಲರ್ ಕೆಲಸ ಮಾಡುವುದಿಲ್ಲ. ಅದಕ್ಕೇ ಪ್ರೊಫೈಲಿಂಗ್ ಬಿಲ್ಡ್ ಬೇರೆಯಾಗಿ ಮಾಡಿಕೊಳ್ಳಬೇಕು.

ಕೋಷ್ಟಕದ ಸುತ್ತ ಪ್ರೊಫೈಲರ್ ಕಾಂಪೊನೆಂಟ್ ಹಾಕಿದೆ. ಅದು ಎರಡು ಮುಖ್ಯ ಅಂಕಿ ಕೊಡುತ್ತದೆ. ಆಕ್ಚುಯಲ್ ಡ್ಯುರೇಶನ್ ಅಂದರೆ ಈ ಸಲ ರೆಂಡರ್‌ಗೆ ನಿಜವಾಗಿ ಹಿಡಿದ ಹೊತ್ತು. ಬೇಸ್ ಡ್ಯುರೇಶನ್ ಅಂದರೆ ಮೆಮೊ (ಬದಲಾಗದ ಕಾಂಪೊನೆಂಟನ್ನು ಮತ್ತೆ ರೆಂಡರ್ ಮಾಡದೆ ಬಿಡುವ ಉಪಾಯ) ಏನೂ ಇಲ್ಲದೆ ಇಡೀ ಕೋಷ್ಟಕ ರೆಂಡರ್ ಆಗಲು ಬೇಕಾಗುವ ಅಂದಾಜು ಹೊತ್ತು. ಒಂದು ಖಾನೆ ಬದಲಾದಾಗಲೂ ಇವೆರಡೂ ಹೆಚ್ಚುಕಮ್ಮಿ ಒಂದೇ ಇದ್ದವು. ಅಂದರೆ ಎಲ್ಲ ಖಾನೆಗಳೂ ಮತ್ತೆ ರೆಂಡರ್ ಆಗುತ್ತಿದ್ದವು. ಖಾನೆಗೆ ಮೆಮೊ ಹಾಕಿ, ಪ್ರತಿ ಸಲ ಹೊಸದಾಗಿ ಹುಟ್ಟುತ್ತಿದ್ದ ಫಂಕ್ಷನ್ ಪ್ರಾಪ್ (ಖಾನೆಗೆ ಹೊರಗಿನಿಂದ ಕೊಡುವ ಫಂಕ್ಷನ್) ತೆಗೆದ ಮೇಲೆ ಮೊದಲನೆಯ ಅಂಕಿ ಚೆನ್ನಾಗಿ ಇಳಿಯಿತು.

ಆದರೂ ರೈಟರ್ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ನನ್ನ ಪ್ರಕಾರ ಅಳತೆಯ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಪ್ರೊಫೈಲರ್ ಲೆಕ್ಕ ಹಾಕುವುದು ರಿಯಾಕ್ಟ್‌ನ ರೆಂಡರ್ ಮಾತ್ರ. ಆಮೇಲೆ ಬ್ರೌಸರ್ ಮಾಡುವ ಸ್ಟೈಲ್ (ರೂಪದ ಲೆಕ್ಕ), ಲೇಔಟ್ (ಯಾವುದು ಎಲ್ಲಿ, ಎಷ್ಟು ಅಗಲ ಅನ್ನುವ ಲೆಕ್ಕ), ಪೇಂಟ್ (ಪರದೆಯಲ್ಲಿ ಬಿಡಿಸುವುದು) ಆ ಲೆಕ್ಕಕ್ಕೆ ಬರುವುದಿಲ್ಲ. ಡೆವ್‌ಟೂಲ್ಸ್‌ನ ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ನೋಡಿದರೆ ಉಳಿದ ಹೊತ್ತನ್ನೆಲ್ಲ ಲೇಔಟ್ ತಿನ್ನುತ್ತಿತ್ತು. ಇಡೀ 10 ವರ್ಷ ಒಂದೇ ಟೇಬಲ್. ಕಾಲಮ್ ಅಗಲ ಗೊತ್ತುಮಾಡಲು ಬ್ರೌಸರ್ ಎಲ್ಲ ಸಾಲುಗಳನ್ನೂ ನೋಡುತ್ತಿತ್ತು. ಟೇಬಲ್ ಲೇಔಟನ್ನು ಫಿಕ್ಸೆಡ್ ಮಾಡಿದರೆ ಮೊದಲ ಸಾಲು ನೋಡಿದರೆ ಸಾಕು. ಜೊತೆಗೆ ವರ್ಷಕ್ಕೊಂದು ಟೇಬಲ್ ಮಾಡಿ, ಪ್ರತಿಯೊಂದರ ಹೊರಗಿನ ಪೆಟ್ಟಿಗೆಯಾದ ಡಿವ್‌ಗೆ ಕಂಟೆಂಟ್ ವಿಸಿಬಿಲಿಟಿ ಆಟೋ ಅನ್ನುವ ಸ್ಟೈಲ್ ಕೊಟ್ಟೆ. ಪರದೆಯ ಹೊರಗಿರುವ ವರ್ಷಗಳ ಒಳಗಿನ ಲೇಔಟ್, ಪೇಂಟ್ ಕೆಲಸ ತಪ್ಪಿತು.

ಅಳೆಯುವಾಗ ಫೋನಿನ ಸ್ಥಿತಿಯನ್ನೂ ಬರೆದಿಡುತ್ತೇನೆ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಗೆ ಕರೆಂಟ್ ಹೋದರೆ ಇಲ್ಲಿ ಎಲ್ಲರೂ ಬ್ಯಾಟರಿ ಸೇವರ್ ಹಾಕುತ್ತಾರೆ. ಆಗ ಹಲವು ಫೋನುಗಳಲ್ಲಿ ಪ್ರೊಸೆಸರ್ ವೇಗ ತಗ್ಗುತ್ತದೆ. ಮಳೆ ಲೆಕ್ಕ ಹೆಚ್ಚಾಗಿ ಬರೆಯುವುದೂ ಅದೇ ದಿನಗಳಲ್ಲಿ. ಹಾಗಾಗಿ ಸೇವರ್ ಹಾಕಿಯೇ ಹಲವು ಸಲ ಅಳೆದು, ಸರಾಸರಿ ಬದಲು ನಡುವಿನ ಅಂಕಿ ಹಿಡಿಯುತ್ತೇನೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ (ಪರದೆಯ ಒಂದು ಚಿತ್ರಕ್ಕೆ) ಸಿಗುವುದು 16.7 ಮಿಲಿಸೆಕೆಂಡ್. ಟೈಪ್ ಮಾಡುವ ಜಾಗಕ್ಕೆ ಅಷ್ಟು ಬಿಗಿ ಬೇಡ. ಬೆರಳು ಒತ್ತಿದಲ್ಲಿಂದ ಪರದೆ ಬದಲಾಗುವವರೆಗಿನ ಐಎನ್‌ಪಿ (ಇಂಟರಾಕ್ಷನ್ ಟು ನೆಕ್ಸ್ಟ್ ಪೇಂಟ್) ಅಳತೆ ಚೆನ್ನಾಗಿದೆ ಅನ್ನಲು ಗೂಗಲ್ ಹೇಳುವ ಮಿತಿ 200 ಮಿಲಿಸೆಕೆಂಡ್. ಸೇವರ್ ಇದ್ದಾಗಲೂ ಪುಟ ಈಗ ಅದರೊಳಗೇ ನಿಲ್ಲುತ್ತದೆ. ವರ್ಷಗಳನ್ನು ಹೋಲಿಸುವ ಗ್ರಾಫ್ ಇನ್ನೂ ಭಾರವಾಗಿದೆ. ಮುಂದಿನ ಅಳತೆ ಅದರದ್ದು.