ಡಬ್ಬಿಯಲ್ಲಿ ಉಳಿದ ಚಿಲ್ಲರೆಯಿಂದ ಜಗತ್ತಿನ ನಾಣ್ಯ: ಕಲಬುರಗಿಯಲ್ಲಿ ನನ್ನ ಅನುಭವ

ವಿದೇಶದಿಂದ ಬಂದವರು ನೋಟುಗಳನ್ನು ರೂಪಾಯಿಗೆ ಬದಲಾಯಿಸಿಕೊಳ್ಳುತ್ತಾರೆ. ನಾಣ್ಯವನ್ನು ಮಾತ್ರ ಹಣ ಬದಲಿಸುವ ಅಂಗಡಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಜೇಬಿನಲ್ಲಿ, ಸೂಟ್‌ಕೇಸಿನ ಮೂಲೆಯಲ್ಲಿ ಉಳಿದ ಚಿಲ್ಲರೆ ಮನೆಗೆ ಬಂದು ಯಾವುದೋ ಡಬ್ಬಿ ಸೇರುತ್ತದೆ. ಕಲಬುರಗಿಯಲ್ಲಿ ಕೂತು ನಾನು ಜಗತ್ತಿನ ನಾಣ್ಯ ಕೂಡಿಸಿದ್ದು ಇಂಥ ಡಬ್ಬಿಗಳಿಂದ. ಹರಾಜಿಗೆ ಹೋಗಲಿಲ್ಲ, ಜಾಸ್ತಿ ರೊಕ್ಕವೂ ಸುರಿಯಲಿಲ್ಲ.

ಈ ವಿಷಯದಲ್ಲಿ ನಮ್ಮ ಊರಿಗೆ ಕೊರತೆಯೇ ಇಲ್ಲ. ದುಬೈ, ಮಸ್ಕತ್, ದಮ್ಮಾಮ್‌ನಲ್ಲಿ ದುಡಿಯುವವರ ಮನೆಗಳು ಎಷ್ಟೋ ಗಲ್ಲಿಗಳಲ್ಲಿವೆ. ಹಜ್, ಉಮ್ರಾ ಮುಗಿಸಿ ಬಂದವರು ಖರ್ಜೂರ, ಜಮ್‌ಜಮ್ ನೀರಿನ ಜೊತೆ ಸೌದಿಯ ಹಲಾಲಾ ನಾಣ್ಯಗಳನ್ನೂ ತಂದಿರುತ್ತಾರೆ. ಡಾಕ್ಟರ್ ಓದಲು ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಕ್ಕೆ ಹೋದ ಹುಡುಗರ ಬ್ಯಾಗಿನಲ್ಲಿ ರೂಬಲ್, ತೆತ್ರಿ, ಸೋಮ್ ಸಿಗುತ್ತವೆ. ರಾತ್ರಿ ಓಣಿ ಕಾಯುವ ನೇಪಾಳದ ಗೂರ್ಖಾ ಊರಿಗೆ ಹೋಗಿ ಬಂದರೆ ಅವನ ಹತ್ತಿರವೂ ನಾಲ್ಕು ನಾಣ್ಯ ಇದ್ದೇ ಇರುತ್ತವೆ.

ಕೇಳುವ ರೀತಿ ಮುಖ್ಯ. "ಹಳೇ ನಾಣ್ಯ ಇದೆಯಾ" ಎಂದು ಕೇಳಿದರೆ ಎದುರಿನವರಿಗೆ ತಕ್ಷಣ ಲಕ್ಷಾಂತರ ರೂಪಾಯಿಯ ಯೋಚನೆ ಬರುತ್ತದೆ, ಡಬ್ಬಿ ಒಳಗೆ ಹೋಗುತ್ತದೆ. ನಾನು ಕೇಳುವುದು, "ಅಲ್ಲಿಂದ ತಂದ ಚಿಲ್ಲರೆ ಏನಾದ್ರೂ ಉಳಿದಿದೆಯಾ?" ಎಂದು. ನಮ್ಮ ಪಕ್ಕದ ಮನೆಯ ಚಾಚಿ, "ಇದು ಇಲ್ಲಿ ನಡೆಯೋದಿಲ್ಲ ಬೇಟಾ, ನೀನೇ ಇಟ್ಕೋ" ಎಂದು ಮುಷ್ಟಿ ತುಂಬ ಕೊಟ್ಟರು. ನಾನು ಪ್ರತಿ ಬಗೆಯಲ್ಲೂ ಒಂದೊಂದನ್ನು ಅವರ ಮೊಮ್ಮಕ್ಕಳಿಗೆ ಬಿಟ್ಟು, ಯಾವ ದೇಶ, ಯಾವ ಇಸವಿ, ಎಷ್ಟು ಬೆಲೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅದಾದ ಮೇಲೆ ಅವರೇ ತಮ್ಮ ನೆಂಟರ ಮನೆಗಳಿಗೆ ನನ್ನನ್ನು ಕಳಿಸಿದರು.

ನನಗೆ ತುಂಬಾ ಇಷ್ಟದ ಕೆಲಸ ಇಸವಿ ಓದುವುದು. ಗಲ್ಫ್ ನಾಣ್ಯಗಳಲ್ಲಿ ಅಂಕಿ ಅರಬ್ಬಿ ಲಿಪಿಯಲ್ಲಿರುತ್ತದೆ. ನಮಗೆ ಸೊನ್ನೆಯ ಹಾಗೆ ಕಾಣುವುದು ಅಲ್ಲಿ ಐದು. ಬರೀ ಚುಕ್ಕಿ ಇದ್ದರೆ ಅದು ಸೊನ್ನೆ. ಇಂಗ್ಲಿಷಿನ ವಿ ಅಕ್ಷರದಂತಿದ್ದರೆ ಏಳು, ಅದೇ ತಲೆಕೆಳಗಾದರೆ ಎಂಟು. ಇಷ್ಟು ಕಲಿಯಲು ಒಂದು ಸಂಜೆ ಸಾಕು. ಎಲ್ಲಾದರೂ ತೊಡಕಾದರೆ ಕೇಳಲು ಉರ್ದು ಓದಬಲ್ಲವರು ನಮ್ಮ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಲ್ವಾ?

ಅಂಕಿ ಓದಿದ ಮೇಲೆ ಲೆಕ್ಕ. ಈ ಇಸವಿ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ್ದು. ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಹತ್ತು-ಹನ್ನೊಂದು ದಿನ ಚಿಕ್ಕದು. ಅದಕ್ಕೇ ಸುಮ್ನೆ ಕೂಡಿಸಿದರೆ ಆಗುವುದಿಲ್ಲ. ಹಿಜರಿಯನ್ನು 0.97ರಿಂದ ಗುಣಿಸಿ 622 ಸೇರಿಸಬೇಕು. ಸೌದಿ ನಾಣ್ಯದಲ್ಲಿ 1408 ಎಂದಿದ್ದರೆ ಅದು 1987-88. ಈ ಲೆಕ್ಕ ಸರಿಯೇ ಎಂದು ನೋಡಲು ಯುಎಇಯ ದಿರ್ಹಮ್ ತೆಗೆದುಕೊಳ್ಳಿ. ಕಾಫಿ ಹೂಜಿಯ ಚಿತ್ರ ಇರುವ ಆ ನಾಣ್ಯದಲ್ಲಿ ಎರಡೂ ಇಸವಿ ಇರುತ್ತವೆ. ನನ್ನ ಹತ್ತಿರದ್ದರಲ್ಲಿ 1419 ಮತ್ತು 1998 ಇವೆ. ಗುಣಿಸಿ ನೋಡಿದಾಗ ತಾಳೆಯಾಯಿತು, ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನೇಪಾಳದ್ದು ಸುಲಭ. ಅಂಕಿಗಳು ಹಿಂದಿಯವೇ. ಇಸವಿ ವಿಕ್ರಮ ಸಂವತ್, ಅದರಿಂದ 57 ಕಳೆದರೆ ಸಾಕು. 2051 ಅಂದರೆ 1994. ಥಾಯ್ಲೆಂಡಿನ ನಾಣ್ಯದಲ್ಲಿ ಬುದ್ಧ ವರ್ಷ ಇರುತ್ತದೆ, 543 ಕಳೆಯಬೇಕು. ಜಪಾನಿನಲ್ಲಿ ಚಕ್ರವರ್ತಿ ಬದಲಾದ ಹಾಗೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಶೋವಾ ವರ್ಷಕ್ಕೆ 1925, ಹೇಸೇಗೆ 1988, ಈಗಿನ ರೇವಾಗೆ 2018 ಸೇರಿಸಬೇಕು. ನಡುವೆ ತೂತು, ಭತ್ತದ ತೆನೆಯ ಚಿತ್ರ ಇರುವ ಅವರ 5 ಯೆನ್ ನಾಣ್ಯದಲ್ಲಿ ನಮಗೆ ಗುರುತಿರುವ ಅಂಕಿ ಒಂದೂ ಇಲ್ಲ. ಹೊಸಬರು ಅದನ್ನು ಚೀನಾದ ಪುರಾತನ ನಾಣ್ಯ ಎಂದುಕೊಳ್ಳುತ್ತಾರೆ.

ಇಸವಿ ಗೊತ್ತಾದ ಮೇಲೂ ಲೋಹ ಗೊತ್ತಾಗಬೇಕು. ಅದಕ್ಕೆ ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಅಡ್ಡಳತೆ ನೋಡಲು ಪ್ಲಾಸ್ಟಿಕ್ಕಿನ ಕ್ಯಾಲಿಪರ್, ಭೂತಗನ್ನಡಿ, ಒಂದು ಅಯಸ್ಕಾಂತ ಇಟ್ಟುಕೊಂಡಿದ್ದೇನೆ. ತಕ್ಕಡಿ ಸರಿ ಇದೆಯೇ ಎಂದು ನೋಡಲು ಜಪಾನಿನ 1 ಯೆನ್ ಬಳಸುತ್ತೇನೆ. ಅದು ಅಪ್ಪಟ ಅಲ್ಯೂಮಿನಿಯಂ, ತೂಕ ಒಂದು ಗ್ರಾಂ, ಅಡ್ಡಳತೆ 20 ಮಿಲಿಮೀಟರ್. ಬ್ರಿಟನ್ನಿನ 1 ಮತ್ತು 2 ಪೆನ್ಸ್ ನಾಣ್ಯಗಳು ಮೊದಲು ಕಂಚಿನವು. 1992ರಿಂದ ತಾಮ್ರ ಲೇಪಿಸಿದ ಉಕ್ಕಿನಲ್ಲಿ ಬಂದವು. ನೋಡಲು ಎರಡೂ ಒಂದೇ, ಆದರೆ ಉಕ್ಕಿನದು ಅಯಸ್ಕಾಂತಕ್ಕೆ ಟಪ್ಪಂತ ಅಂಟುತ್ತದೆ. 1998ರ 2 ಪೆನ್ಸ್ ಎರಡು ಲೋಹದಲ್ಲೂ ಇದೆ, ಆದ್ದರಿಂದ ಆ ವರ್ಷದ್ದು ಎರಡು ಬೇಕು. ಯೂರೋ ನಾಣ್ಯಗಳಲ್ಲಿ ಬೆಲೆ ಇರುವ ಮುಖ ಎಲ್ಲ ದೇಶಕ್ಕೂ ಒಂದೇ. ತಿರುಗಿಸಿ ನೋಡಬೇಕು. ಐರ್ಲೆಂಡಿನದಾದರೆ ಹಾರ್ಪ್ ವಾದ್ಯ, ಗ್ರೀಸಿನ 1 ಯೂರೋ ಆದರೆ ಗೂಬೆ, ಆಸ್ಟ್ರಿಯಾದ 1 ಯೂರೋ ಆದರೆ ಸಂಗೀತಗಾರ ಮೊಜಾರ್ಟ್.

ಇಟ್ಟುಕೊಳ್ಳುವ ಬಗ್ಗೆ ಖಡಾಖಂಡಿತವಾಗಿ ಒಂದು ಮಾತು ಹೇಳುತ್ತೇನೆ. ಅಗ್ಗದ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಕೊಳ್ಳಬೇಡಿ. ಬಿಸಿಗೆ ಆ ಪ್ಲಾಸ್ಟಿಕ್ ಕೆಡುತ್ತದೆ, ತಾಮ್ರ ಇರುವ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ, ನಿಧಾನಕ್ಕೆ ಲೋಹವನ್ನೇ ತಿನ್ನುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪಾಲಿಯೆಸ್ಟರ್ ಕಿಟಕಿಯ ರಟ್ಟಿನ ಹೋಲ್ಡರ್‌ಗಳು ಸಿಗುತ್ತವೆ, ಅವೇ ಒಳ್ಳೆಯವು. ಬಿಸಿಲು ಬೀಳುವ ಗೋಡೆಗೆ ಕಬ್ಬಿಣದ ಅಲ್ಮಾರಿ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಉಜ್ಜಿ ಹೊಳಪು ಬರಿಸುವುದಂತೂ ಬೇಡವೇ ಬೇಡ. ದೇವರ ಸಾಮಾನು ತೊಳೆದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ನಾಣ್ಯ ಕೈಗೆ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವರ್ಷಗಟ್ಟಲೆ ಕಟ್ಟಿದ ಮೇಲ್ಪದರ ಹೋದರೆ ಮತ್ತೆ ಬರುವುದಿಲ್ಲ. ಮಣ್ಣು ಇದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು.

ವಾಟ್ಸಾಪ್‌ನಲ್ಲಿ ಬರುವ "ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ರೂಪಾಯಿ" ಮೆಸೇಜ್ ನಂಬಿ ಯಾರಿಗೂ ಮುಂಗಡ ಕಟ್ಟಬೇಡಿ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯದ ವ್ಯವಹಾರದಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಜಗತ್ತಿನ ನಾಣ್ಯ ಹುಡುಕುತ್ತ ಹೋದವನಿಗೆ ಮನೆಮನೆಗಳಲ್ಲಿ ಇನ್ನೊಂದು ದೇಶದ್ದೇ ಎನ್ನಬಹುದಾದ ನಾಣ್ಯ ಸಿಕ್ಕಿತು. ಅದು ನಿಜಾಮರ ಹಾಲಿ ಸಿಕ್ಕಾ. 1948ರವರೆಗೆ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು. ಬ್ರಿಟಿಷರ ರೂಪಾಯಿಗೆ ಇಲ್ಲಿ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕವನ್ನು ಹಿರಿಯರಿಂದ ಕೇಳಿದ್ದೆ. ಅದು ಎಲ್ಲಿಂದ ಬಂತು ಎಂದು ತೂಗಿ ನೋಡಿದೆ. ಹಾಲಿಯ ಬೆಳ್ಳಿ ರೂಪಾಯಿ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 82ರಷ್ಟು. ಕಲ್ದಾರ್ 11.66 ಗ್ರಾಂ, ಬೆಳ್ಳಿ ನೂರಕ್ಕೆ 92ರಷ್ಟು. ಅಂದರೆ ಹಾಲಿಯಲ್ಲಿ ಅಪ್ಪಟ ಬೆಳ್ಳಿ 9.1 ಗ್ರಾಂ, ಕಲ್ದಾರ್‌ನಲ್ಲಿ 10.7. ಏಳು ಹಾಲಿಯ ಬೆಳ್ಳಿಯೂ ಆರು ಕಲ್ದಾರ್‌ನ ಬೆಳ್ಳಿಯೂ ಸುಮಾರು 64 ಗ್ರಾಂ! ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡರಲ್ಲೂ ಬೆಳ್ಳಿ ಇಳಿಸಿದರು, ಆದ್ದರಿಂದ ಈ ಲೆಕ್ಕ ಅದಕ್ಕೂ ಹಿಂದಿನ ನಾಣ್ಯಗಳದ್ದು.

ಈ ನಾಣ್ಯದಲ್ಲಿ ಚಾರ್‌ಮಿನಾರ್ ಇದೆ. ಅದರ ಕಮಾನಿನೊಳಗೆ ಒಂದು ಪುಟ್ಟ ಅರಬ್ಬಿ ಅಕ್ಷರ ಇರುತ್ತದೆ. ಐನ್ ಇದ್ದರೆ 1911ರಲ್ಲಿ ಗಾದಿಗೆ ಬಂದ ಉಸ್ಮಾನ್ ಅಲಿ ಖಾನ್ ಕಾಲದ್ದು, ಮೀಮ್ ಇದ್ದರೆ ಅವರ ತಂದೆ ಮಹಬೂಬ್ ಅಲಿ ಖಾನ್ ಕಾಲದ್ದು. ಹಿಜರಿ ಇಸವಿಯೂ ಇರುತ್ತದೆ. ಸೌದಿ ನಾಣ್ಯದಲ್ಲಿ ಕಲಿತ ಲೆಕ್ಕವೇ ಇಲ್ಲೂ ನಡೆಯುತ್ತದೆ.

ಇವನ್ನು ನಾನು ಕೇಳಿ ಪಡೆಯುವುದಿಲ್ಲ. ಫೋಟೋ ತೆಗೆದು, ತೂಕ, ಇಸವಿ ಬರೆದುಕೊಂಡು ವಾಪಸ್ ಕೊಡುತ್ತೇನೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ವಿದೇಶದ ಗೆಳೆಯರ ಜೊತೆ ಅದಲುಬದಲಿಗೆ ಕಳಿಸುವಂತಿಲ್ಲ. ಹೊಲ ಉಳುವಾಗ ಸಿಕ್ಕ ಬಹಮನಿ ತಾಮ್ರದ ನಾಣ್ಯ ಎಂದು ಯಾರಾದರೂ ಮಾರಲು ತಂದರೆ ನಾನು ಕೊಳ್ಳುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದ ಹಾಲಿ ಸಿಕ್ಕಾ ನಿಮ್ಮದೇ. ಕಾಲ್ಗೆಜ್ಜೆ ಮಾಡಿಸಲು ಅದನ್ನು ಸರಾಫರಿಗೆ ತೂಕಕ್ಕೆ ಹಾಕುವ ಮುಂಚೆ ಇಸವಿ, ಅಕ್ಷರ ಯಾರಿಂದಲಾದರೂ ಓದಿಸಿ. ನಮ್ಮ ಓಣಿಯವರಾದರೆ ನನ್ನ ಹತ್ತಿರವೇ ಬನ್ನಿ, ತಕ್ಕಡಿ ಮೇಜಿನ ಮೇಲೇ ಇರುತ್ತದೆ.