ಬಯಲಾಟಕ್ಕೆ ಅನುದಾನ ಬೇಕಾ? ಮೊದಲು ಪಾಸ್‌ಬುಕ್ ತೆಗೆದು ನೋಡಿ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ನಮ್ಮ ಬಯಲಾಟ ಸಂಘದ ಅನುದಾನದ ಅರ್ಜಿ ಒಂದು ಸಲ ವಾಪಸ್ ಬಂತು. ಕಾರಣ ಕೇಳಿದರೆ ನಗುತ್ತೀರಿ. ಸಂಘದ ಹೆಸರು ನೋಂದಣಿ ಪತ್ರದಲ್ಲಿ ‘ಬಯಲಾಟ’ ಎಂದಿತ್ತು, ಪಾಸ್‌ಬುಕ್‌ನಲ್ಲಿ ‘ಬೈಲಾಟ’. ಬ್ಯಾಂಕಿಗೆ ಅಲೆದು ಹೆಸರು ಸರಿ ಮಾಡಿಸುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ರಾತ್ರಿಯಿಡೀ ಕುಣಿಯಬಲ್ಲ 20 ಜನ ನಮ್ಮಲ್ಲಿದ್ದರು. ಒಂದು ಫೈಲು ನೋಡಿಕೊಳ್ಳುವವರು ಇರಲಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘಕ್ಕೆ ಕನಿಷ್ಠ 7 ಜನ ಬೇಕು. ಇದಕ್ಕೆ ಹೊಲ-ಮನೆ ರಿಜಿಸ್ಟರ್ ಮಾಡಿಸುವ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಿಲ್ಲಬೇಡಿ. ಅಲ್ಲಿ ಆಗುವುದು ಟ್ರಸ್ಟ್. ಸಂಘದ ಕೆಲಸ ಜಿಲ್ಲಾ ಕೇಂದ್ರದ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ. ಬೈಲಾದ (ಸಂಘದ ನಿಯಮಾವಳಿ) ಉದ್ದೇಶಗಳಲ್ಲಿ ನಿಮ್ಮ ಕಲೆಯ ಹೆಸರು ಬರೆದಿರಲಿ: ದೊಡ್ಡಾಟ, ತೊಗಲುಗೊಂಬೆ, ಹಗಲುವೇಷ, ಭಜನೆ. ಬೇರೆ ಯಾವುದೋ ಸಂಘದ ಬೈಲಾ ಝೆರಾಕ್ಸ್ ಮಾಡಿ ಹೆಸರಷ್ಟೇ ಬದಲಿಸುವವರೇ ಜಾಸ್ತಿ. ಅದರಲ್ಲಿ ಹೈನುಗಾರಿಕೆ ಇರುತ್ತದೆ, ಕಲೆ ಇರುವುದಿಲ್ಲ.

ನೋಂದಣಿ ಆದ ದಿನವೇ ಹಣ ಬರುವುದಿಲ್ಲ. ಸಾಮಾನ್ಯವಾಗಿ ಮೂರು ವರ್ಷದ ಕೆಲಸ, ಮೂರು ವರ್ಷದ ಆಡಿಟ್ ವರದಿ ಕೇಳುತ್ತಾರೆ. ಹಾಗಾಗಿ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಅದೇ ಉಪನಿಬಂಧಕರ ಕಚೇರಿಗೆ ಕೊಡಿ. ಸಂಘದ ಹೆಸರಲ್ಲೇ ಪಾನ್ ಕಾರ್ಡ್, ಬ್ಯಾಂಕ್ ಖಾತೆ ಇರಲಿ. ಆಟವಾಡಿದ ಊರು, ತಾರೀಕು, ಕರಪತ್ರ, ಫೋಟೊ, ಪತ್ರಿಕೆಯ ತುಣುಕು ಎಲ್ಲವನ್ನೂ ಎತ್ತಿಡಿ. ಫೋಟೊದಲ್ಲಿ ಬ್ಯಾನರ್ ಕಾಣಬೇಕು, ಬ್ಯಾನರ್‌ನಲ್ಲಿ ತಾರೀಕು ಕಾಣಬೇಕು.

ಇನ್ನು ಯಾವ ಬಾಗಿಲು ಬಡಿಯಬೇಕು? ಮೊದಲನೆಯದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸಹಾಯಕ ನಿರ್ದೇಶಕರ ಕಚೇರಿ ಇದೆ. ಸಂಘಗಳ ಧನಸಹಾಯಕ್ಕೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾರ್ಯಕ್ರಮಕ್ಕೆ ಬೇರೆ, ವಾದ್ಯ ಮತ್ತು ವೇಷಭೂಷಣ ಖರೀದಿಗೆ ಬೇರೆ. ಕಷ್ಟದಲ್ಲಿರುವ ಹಿರಿಯ ಕಲಾವಿದರ ಮಾಸಾಶನ ಮತ್ತೂ ಬೇರೆ, ಮೂರನ್ನೂ ಕಲಸಿಕೊಳ್ಳಬೇಡಿ. ಬಯಲಾಟದವರು ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿಯ ಪ್ರಕಟಣೆಗಳ ಮೇಲೂ ಕಣ್ಣಿಡಬೇಕು.

ಸಂಘ ಇಲ್ಲ, ಒಬ್ಬರೇ ಇದ್ದೀರಿ ಅನ್ನಿ. ರಾಯಚೂರು ಕಡೆಯ ಮೊಹರಂ ಹಬ್ಬದಲ್ಲಿ ಹಾಡುವ ಪದಗಳನ್ನು ಊರೂರು ತಿರುಗಿ ಸಂಗ್ರಹಿಸುವ ಆಸೆ ಇದೆ. ಆಗ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1993ರಲ್ಲಿ ಶುರುವಾದ ಈ ಸಂಸ್ಥೆ ಒಬ್ಬೊಬ್ಬರಿಗೂ ಅನುದಾನ ಕೊಡುತ್ತದೆ, ಯೋಜನೆಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಇವರದೇ ‘ಕಲಿ-ಕಲಿಸು’ ಎಂಬ ಕಲಾ ಶಿಕ್ಷಣ ಕಾರ್ಯಕ್ರಮ ಇದೆ.

ತೋರಣಗಲ್ಲು, ಗಿಣಿಗೇರಾದ ಕಾರ್ಖಾನೆಗಳ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಎಲ್ಲರ ಬಾಯಲ್ಲೂ ಇದೆ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿಯೂ ಸೇರಿರುವುದು ನಿಜ. ಆದರೆ ಅದಕ್ಕೆ ಸಂಘಕ್ಕೆ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಜೊತೆಗೆ ಸಿಎಸ್‌ಆರ್ ಹಣ ಪಡೆಯಲು ಮಾಡಿಸುವ ಸಿಎಸ್‌ಆರ್-1 ನೋಂದಣಿ ಬೇಕು. ಹೊಸ ಸಂಘ ಈ ದಾರಿಯಿಂದ ಶುರು ಮಾಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಈಗ ಅರ್ಜಿ ಬರೆಯುವ ಕೆಲಸ. ‘ನಶಿಸುತ್ತಿರುವ ನಮ್ಮ ಭವ್ಯ ಕಲೆಯನ್ನು ಉಳಿಸಿ ಬೆಳೆಸಲು’ ಎಂದು ಎಲ್ಲರೂ ಬರೆಯುತ್ತಾರೆ. ಓದುವ ಅಧಿಕಾರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ನಮ್ಮೂರಲ್ಲಿ ಮದ್ದಳೆ ನುಡಿಸುವವರು ಒಬ್ಬರೇ. ಅವರಿಗೆ 70 ದಾಟಿದೆ. ಹೈಸ್ಕೂಲಿನ 12 ಮಕ್ಕಳಿಗೆ ವಾರಕ್ಕೆ ಎರಡು ದಿನದಂತೆ ಮೂರು ತಿಂಗಳು ಕಲಿಸುತ್ತೇವೆ. ಕೊನೆಗೆ ಗುಡಿ ಮುಂದೆ ಒಂದು ರಾತ್ರಿ ಆಟ.’ ಯಾರು, ಎಷ್ಟು ದಿನ, ಎಲ್ಲಿ ಎಂಬುದೆಲ್ಲ ಇದರಲ್ಲಿ ಬಂತಲ್ವಾ?

ಖರ್ಚನ್ನು ಬಿಡಿಸಿ ತೋರಿಸಿ. ಮಾಸ್ತರರ ಗೌರವಧನ, ಹಿಮ್ಮೇಳ, ಡ್ರೆಸ್ ಬಾಡಿಗೆ, ಡ್ರಾಮಾ ಸೀನ್ಸ್ (ರಂಗದ ಪರದೆಗಳು), ಮೈಕು, ಲೈಟು, ಊಟ. ಬೆಲೆ ಸುಮ್ನೆ ಅಂದಾಜಿನಲ್ಲಿ ಹಾಕದೆ ಅಂಗಡಿಯವರಿಂದ ಕೊಟೇಶನ್ ತಂದು ಲಗತ್ತಿಸಿ. ಅರ್ಧ ಕತ್ತರಿಸುತ್ತಾರೆಂದು ಎರಡು ಪಟ್ಟು ಕೇಳುವ ರೂಢಿ ನಮ್ಮಲ್ಲಿದೆ. ಅದು ಬೇಡ. ಕಡಿಮೆ ಕೊಟ್ಟರೆ ಯಾವುದನ್ನು ಬಿಡಬೇಕೆಂದು ನೀವೇ ಮೊದಲು ತೀರ್ಮಾನಿಸಿಕೊಳ್ಳಿ. ನಾವು ಬರೆಯಲು ಮರೆಯುವುದು ಇನ್ನೊಂದಿದೆ: ಊರವರ ಪಾಲು. ಆಟವಾಡುವ ಅಟ್ಟಕ್ಕೆ ಕಟ್ಟಿಗೆ ಕೊಟ್ಟವರು, ಅಕ್ಕಿ-ಜೋಳ ಕೊಟ್ಟವರು, ಪುಕ್ಕಟೆ ಅಡುಗೆ ಮಾಡಿದವರು ಇರುತ್ತಾರಲ್ಲ, ಅದಕ್ಕೂ ಬೆಲೆ ಕಟ್ಟಿ ‘ಸಂಘದ ವಂತಿಗೆ’ ಎಂದು ತೋರಿಸಿ.

ಅರ್ಜಿ ಕರೆದಾಗ ಇರುವ ಸಮಯ ಕಡಿಮೆ. ಆ ಹೊತ್ತಿಗೆ ಕಾಲುವೆಗೆ ನೀರು ಬಂದು ನಾಟಿ ಶುರುವಾಗಿದ್ದರೆ ಮುಗಿಯಿತು, ಅಧ್ಯಕ್ಷರ ಸಹಿಗೆ ಗದ್ದೆಯ ಬದುವಿಗೇ ಹೋಗಬೇಕು. ಬೇಸಿಗೆಯಲ್ಲೇ ಕಾಗದ ಎಲ್ಲ ಸ್ಕ್ಯಾನ್ ಮಾಡಿಸಿಡಿ. ಅರ್ಜಿ ಹಾಕಿದ ಮೇಲೆ ಬರುವ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ನಾನು ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್’ ಎನ್ನುವವರು ಬಂದೇ ಬರುತ್ತಾರೆ. ಚಹಾ ಕುಡಿಸಿ ಕಳಿಸಿ.

ಮಂಜೂರಾದರೆ ಆದೇಶವನ್ನು ಪೂರ್ತಿ ಓದಿ. ಹಣ ಮೊದಲೇ ಬರುತ್ತದೋ, ಕಾರ್ಯಕ್ರಮ ಮುಗಿದ ಮೇಲೋ ಎಂಬುದು ಅದರಲ್ಲಿರುತ್ತದೆ. ಆಮೇಲೆ ಎಂದಿದ್ದರೆ ಸಾಲ ಮಾಡುವ ಮೊದಲು ಯೋಚಿಸಿ. ಕಲಾವಿದರಿಗೆ ಖಾತೆಗೇ ಹಣ ಹಾಕಿ. ಪ್ರತಿ ಖರ್ಚಿಗೂ ಸಂಘದ ಹೆಸರಿನ ಬಿಲ್ ಪಡೆದು, ಹಣಬಳಕೆ ಪ್ರಮಾಣಪತ್ರದ ಜೊತೆ ಹೇಳಿದ ತಾರೀಕಿನೊಳಗೆ ಕೊಡಿ. ಇದನ್ನು ಬಾಕಿ ಇಟ್ಟರೆ ಮುಂದಿನ ಅರ್ಜಿಗೆ ತೊಡಕಾಗುತ್ತದೆ.

ಎಲ್ಲದರ ಒಂದು ಪ್ರತಿ ಸಂಘದಲ್ಲಿ ಉಳಿಯಬೇಕು. ನಮ್ಮಲ್ಲಿ ಹಳೆಯ ಕಾರ್ಯದರ್ಶಿಯ ಮನೆಯಲ್ಲಿ ಫೈಲಿತ್ತು, ಅವರು ಮಕ್ಕಳ ಜೊತೆ ಬೆಂಗಳೂರಿಗೆ ಹೋದರು, ಫೈಲೂ ಹೋಯಿತು. ಈಗ ಕಿರೀಟ, ಭುಜಕೀರ್ತಿ ಇಡುವ ಟ್ರಂಕಿನಲ್ಲೇ ಇಟ್ಟಿದ್ದೇವೆ, ನುಸಿಗುಳಿಗೆ ಹಾಕಿ.