ಅಜ್ಜಿ ಕಾಲದ ಹೆಸರು ಮಗಳಿಗೆ ಇಡುವ ಮುನ್ನ ಕೂಗಿ ನೋಡಿ

ಗಿರಿಜಾ, ವರದಾ, ಜಾನಕಿ, ಭಾಗೀರಥಿಯರು ಮತ್ತೆ ತೊಟ್ಟಿಲಿಗೆ ಬರುತ್ತಿದ್ದಾರೆ. ನನಗೆ ಇದಕ್ಕಿಂತ ಸಂತೋಷದ ಸುದ್ದಿ ಇಲ್ಲ. ಹಳೆಯ ಹೆಸರು ಹುಡುಕುವುದರಲ್ಲಿ ಯಾರೂ ಸೋಲುವುದಿಲ್ಲ. ಸಿಕ್ಕ ಎರಡು ಮೂರರಲ್ಲಿ ಒಂದನ್ನು ಆರಿಸುವಾಗ ಎಡವುತ್ತಾರೆ. ಫೋನಿನಲ್ಲಿ ಓದಲು ಚಂದ ಕಂಡದ್ದನ್ನು ಇಟ್ಟುಬಿಡುತ್ತಾರೆ, ಆಮೇಲೆ ಮನೆಯಲ್ಲಿ ಯಾರ ಬಾಯಿಗೂ ಅದು ಹತ್ತುವುದಿಲ್ಲ. ಮಗು ಪುಟ್ಟಿಯೋ ಅಮ್ಮಿಯೋ ಕೂಸೋ ಆಗಿ ಉಳಿದು, ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕಷ್ಟೇ ಸೇರುತ್ತದೆ.

1. ಪಟ್ಟಿ ಮನೆಯೊಳಗಿಂದ ಬರಲಿ

ಹೆಸರಿನ ಆ್ಯಪ್ ಬೇಡ, ಬಸ್ ಸ್ಟ್ಯಾಂಡಿನ ಪುಸ್ತಕವೂ ಬೇಡ. ಯಾವ ನಿಘಂಟಿನಲ್ಲೂ ಇಲ್ಲದ ಅರ್ಥಗಳನ್ನು ಅವು ಧೈರ್ಯವಾಗಿ ಅಚ್ಚು ಹಾಕುತ್ತವೆ. ಶ್ರಾದ್ಧ, ತರ್ಪಣ ನಡೆಯುವ ಮನೆಯಾದರೆ ಅಪ್ಪನ ಕಡೆ, ಅಮ್ಮನ ಕಡೆ ಎರಡರಲ್ಲೂ ಮೂರು ತಲೆಮಾರಿನ ಹೆಂಗಸರ ಹೆಸರು ಹಿರಿಯರ ಬಾಯಲ್ಲೇ ಇರುತ್ತದೆ. ಇಲ್ಲವಾದರೆ ಹಳೆಯ ಜಮೀನು ಪತ್ರ, ಮದುವೆ ಕರೆಯೋಲೆ, ಗೋಡೆಯ ಫೋಟೊದ ಹಿಂಬದಿ ನೋಡಿ.

ಅಜ್ಜಿಯನ್ನೇ ಕೇಳುವುದಾದರೆ ಈ ಪ್ರಶ್ನೆ ಬಿಡಬೇಡಿ: ‘ತವರಲ್ಲಿ ನಿಮ್ಮನ್ನ ಏನಂತ ಕರೀತಿದ್ರು?’ ಮದುವೆಯ ಹೊತ್ತಿಗೆ ಹೆಸರು ಬದಲಿಸುವ ರೂಢಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿತ್ತು. ಪಹಣಿಯಲ್ಲಿ ಸಾವಿತ್ರಮ್ಮ ಎಂದಿರುವಾಕೆ ತವರಿನಲ್ಲಿ ತುಂಗಾ ಆಗಿದ್ದಿರಬಹುದು. ಹಾಗೆ ಹೊಸ್ತಿಲಲ್ಲಿ ಬಿಟ್ಟುಬಂದ ಹೆಸರು ಸಿಕ್ಕರೆ ಅದಕ್ಕೇ ಮೊದಲ ಜಾಗ ಕೊಡಿ.

ಮನೆಯ ಪಟ್ಟಿ ಸಾಲದಿದ್ದರೆ ಸೀಮೆಯ ಕಡೆ ತಿರುಗಿ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದಾ, ತೀರ್ಥಹಳ್ಳಿ ಕಡೆಯ ಅಂಬುತೀರ್ಥದ ಶರಾವತಿ, ಶಿಕಾರಿಪುರ ಸೀಮೆಯಲ್ಲಿ ಹರಿಯುವ ಕುಮುದ್ವತಿ, ಶೃಂಗೇರಿಯ ಶಾರದೆ, ಚಂದ್ರಗುತ್ತಿಯ ರೇಣುಕೆ, ಉಡುತಡಿಯ ಮಹಾದೇವಿ ಇದ್ದಾರೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯಕ್ಕೆ ಎದುರು ನಿಂತ ಕೆಳದಿಯ ಚೆನ್ನಮ್ಮನ ಹೆಸರನ್ನು ಈಗ ಇಡುವವರೇ ಕಡಿಮೆ. ನನಗೆ ಅದು ನೋವಿನ ಸಂಗತಿ.

2. ಯಾಕೆ ಇಟ್ಟಿದ್ದರು ಎಂದು ಕೇಳಿ

ಎಲ್ಲ ಹಳೆಯ ಹೆಸರನ್ನೂ ಪ್ರೀತಿಯಿಂದಲೇ ಇಟ್ಟಿರಲಿಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕು’ ಎಂದು ಸಾಕಮ್ಮ ಎಂದಿಟ್ಟ ಉದಾಹರಣೆಗಳಿವೆ. ನಿಮ್ಮ ಮನೆಯ ಸಾಕಮ್ಮನ ಹಿಂದೆ ಆ ಕಥೆ ಇದ್ದರೆ ಆಕೆಯನ್ನು ಬೇರೆ ರೀತಿಯಲ್ಲಿ ನೆನೆಯಿರಿ, ಹೆಸರನ್ನು ಮುಂದುವರಿಸಬೇಡಿ. ಹುಚ್ಚಮ್ಮನದು ಬೇರೆ ಮಾತು. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಅದು ದೇವರ ಹೆಸರು, ಗೌರವದ ಹೆಸರು. ಆದರೂ ಬೆಂಗಳೂರಿನ ಶಾಲೆಯಲ್ಲಿ ಆ ಮಗು ದಿನಾ ವಿವರಣೆ ಕೊಡುತ್ತಾ ಕೂರಬೇಕು. ದೇವರ ಮುಂದೆ ಇಡುವ ಹೆಸರಾಗಿ ಅದು ಇರಲಿ, ಕರೆಯುವ ಹೆಸರು ಬೇರೆ ಇರಲಿ.

3. ನಕ್ಷತ್ರದ ಅಕ್ಷರಕ್ಕೆ ಹೆದರಬೇಡಿ

ಹುಟ್ಟಿದ ನಕ್ಷತ್ರ ನೋಡಿ ಹೆಸರಿನ ಮೊದಲ ಅಕ್ಷರ ಹೇಳುವ ರೂಢಿಯಿದೆ. ಆರಿದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಇದನ್ನು ಹಿಡಿದುಕೊಂಡು ‘ಣ’ದಿಂದ ಶುರುವಾಗುವ ಹೆಸರು ಹುಡುಕುತ್ತಾ ಅಳುಮುಖ ಮಾಡಿ ಕೂತ ಅಪ್ಪಂದಿರನ್ನು ಕಂಡಿದ್ದೇನೆ. ನಾಮಕರಣದಲ್ಲಿ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಬೇರೆ ಬೇರೆಯೇ ಇವೆ. ಅಕ್ಷರದ ನಿಯಮವನ್ನು ನಕ್ಷತ್ರನಾಮಕ್ಕೆ ಬಿಟ್ಟು ವ್ಯವಹಾರನಾಮವನ್ನು ನಿಮಗೆ ಬೇಕಾದಂತೆ ಇಡಿ. ಪುರೋಹಿತರೂ ಒಪ್ಪುತ್ತಾರೆ.

4. ಕೂಗಿ ನೋಡಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಉಳಿದ ಎರಡು ಮೂರು ಹೆಸರು ಹಿಡಿದು ಅಂಗಳದ ತುದಿಗೆ ಹೋಗಿ ನಿಲ್ಲಿ. ಇನ್ನೊಬ್ಬರು ತೋಟದೊಳಗೆ, ಅಡಿಕೆ ಸಾಲಿನ ಆಚೆ, ಕಣ್ಣಿಗೆ ಬೀಳದಷ್ಟು ದೂರ ಇರಲಿ. ಈಗ ಗಂಟಲು ಬಿಟ್ಟು ಕೂಗಿ. ಹೆಂಚಿನ ಮೇಲೆ ಆಷಾಢದ ಮಳೆ ಹೊಯ್ಯುತ್ತಿರುವಾಗಲೂ ನಮ್ಮ ಮಕ್ಕಳ ಹೆಸರು ಅಡುಗೆಮನೆಯಿಂದ ಕೊಟ್ಟಿಗೆಗೆ ತಲುಪಬೇಕು. ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯವರು ಮಹಡಿಯಿಂದ ರಸ್ತೆಗೆ ಕೂಗಲಿ.

‘ವರದಾ’ ಎಂದರೆ ಕೊನೆಯ ಆಕಾರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಗಿರಿಜಾ, ಶಾರದಾ, ಜಲಜಾ ಕೂಡ ಹಾಗೆಯೇ. ಗೌರಿ, ಜಾನಕಿ ಇನ್ನೂ ಚೂಪಾಗಿ ಹೋಗಿ ಮುಟ್ಟುತ್ತವೆ. ಕುಮುದ್ವತಿ ಎಂದು ಕೂಗಿದರೆ ನಡುವಿನ ‘ದ್ವ’ದಲ್ಲಿ ದನಿ ಸಿಕ್ಕಿಹಾಕಿಕೊಳ್ಳುತ್ತದೆ, ಎರಡನೇ ಸಲಕ್ಕೇ ಬಾಯಿ ತಾನಾಗಿ ‘ಕುಮುದಾ’ ಎನ್ನುತ್ತದೆ. ಅದು ಹೆಸರಿನ ದೋಷವೇನಲ್ಲ, ಆದರೆ ನಾಳೆ ಚಾಲ್ತಿಗೆ ಬರುವುದು ಕುಮುದಾ ಎಂದು ಇವತ್ತೇ ತಿಳಿದಿರಲಿ. ಭಾಗೀರಥಿ ಭಾಗಿ ಆಗುತ್ತಾಳೆ, ಸರಸ್ವತಿ ಸರಸು, ರುಕ್ಮಿಣಿ ರುಕ್ಕು. ಆ ತುಂಡು ಹೆಸರು ಕಿವಿಗೆ ಹಿತವಾಗದಿದ್ದರೆ ಪೂರ್ತಿ ಹೆಸರನ್ನೂ ಇಡಬೇಡಿ.

ಇನ್ನು ಸಿಟ್ಟಿನಲ್ಲಿ ಕರೆದು ನೋಡಿ. ಗಂಗಾ ಗಂಗಿ ಆಗುತ್ತಾಳೆ, ಸೀತಾ ಸೀತಿ. ಹೆಣ್ಣುಮಕ್ಕಳನ್ನು ಹಗುರ ಮಾಡಿ ಕರೆಯುವ ಈ ಚಾಳಿ ಮೊದಲು ಮನೆಯಿಂದಲೇ ಹೋಗಬೇಕು. ಅದು ನಿಮ್ಮ ಮನೆಯಲ್ಲಿ ಬಿಡುವಂಥದ್ದಲ್ಲ ಎನ್ನಿಸಿದರೆ ಗೌರಿಯನ್ನೋ ಜಾನಕಿಯನ್ನೋ ಆರಿಸಿ, ಅವನ್ನು ಹಾಗೆ ಕುಗ್ಗಿಸುವುದು ಸುಲಭವಲ್ಲ.

ಆಮೇಲೆ ವಯಸ್ಸು ಏರಿಸುತ್ತಾ ಹೋಗಿ. ವರದಕ್ಕ, ವರದತ್ತೆ, ವರದಜ್ಜಿ. ಗಿರಿಜಕ್ಕ, ಗಿರಿಜತ್ತೆ, ಗಿರಿಜಜ್ಜಿ. ಹಳೆಯ ಹೆಸರುಗಳ ದೊಡ್ಡ ಗುಣ ಇಲ್ಲಿ ಕಾಣುತ್ತದೆ: ಅಕ್ಕ, ಅತ್ತೆ, ಅಜ್ಜಿ ಎಲ್ಲವೂ ಅವುಗಳ ಜೊತೆ ಕೂಡಿಕೊಳ್ಳುತ್ತವೆ. ಈ ಗುಣಕ್ಕೆ ಕಲ್ಲು ಹಾಕುವುದೇ ಹೊಸ ಕತ್ತರಿ ಪ್ರಯೋಗ. ಜಾನಕಿಯನ್ನು ಜಾನ್ವಿ, ಶಾರದೆಯನ್ನು ಶಾರ್ವಿ ಮಾಡಿ ‘ಅಜ್ಜಿ ಹೆಸರೇ ಇಟ್ಟಿದ್ದೇವೆ’ ಎನ್ನಬೇಡಿ. ಇಟ್ಟರೆ ಇಡಿಯಾಗಿ ಇಡಿ.

ಯಾರು ಕರೆಯಲಾರರು ಎಂಬುದನ್ನೂ ನೋಡಬೇಕು. ಅತ್ತೆಯ ಹೆಸರು ಹಿಡಿದು ಮಾತಾಡದ ಸೊಸೆಯಂದಿರು ಇನ್ನೂ ಇದ್ದಾರೆ. ಅತ್ತೆ ಇರುವಾಗಲೇ ಅವರ ಹೆಸರನ್ನು ಮಗುವಿಗೆ ಇಟ್ಟರೆ, ಎಲ್ಲರಿಗಿಂತ ಹೆಚ್ಚು ಸಲ ಕರೆಯಬೇಕಾದ ತಾಯಿಯ ಬಾಯೇ ಕಟ್ಟಿಹೋಗುತ್ತದೆ. ಅಂಥ ಮನೆಯಲ್ಲಿ ಒಂದು ತಲೆಮಾರು ಹಿಂದೆ ಹೋಗಿ ಮುತ್ತಜ್ಜಿಯ ಹೆಸರು ಹಿಡಿಯಿರಿ. ಎರಡೂ ಕಡೆಯವರನ್ನು ಸಮಾಧಾನ ಮಾಡಲು ಎರಡು ಹೆಸರು ಜೋಡಿಸಿ ಬರೆಯಿಸುವುದನ್ನು ನಾನು ಒಪ್ಪುವುದಿಲ್ಲ. ಒಂದು ಹೆಸರು ತಾನಾಗಿ ಉದುರುತ್ತದೆ, ಉದುರಿದ್ದು ಯಾವ ಕಡೆಯದು ಎಂಬ ಬೇಸರ ಮಾತ್ರ ಉಳಿಯುತ್ತದೆ.

ಇಷ್ಟಾದ ಮೇಲೂ ಎರಡು ಉಳಿದರೆ, ಒಂದು ದಿನ ಪೂರ್ತಿ ಮಗುವನ್ನು ಒಂದೇ ಹೆಸರಿನಿಂದ ಕರೆಯಿರಿ, ಮರುದಿನ ಇನ್ನೊಂದರಿಂದ. ನಡುರಾತ್ರಿ ಮಗು ಅತ್ತಾಗ ತಾಯಿಯ ಬಾಯಿಗೆ ಬಂದದ್ದನ್ನೇ ಇಡಿ.

5. ಕಾಗುಣಿತ ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ

ಶಾರದೆಯೋ ಶಾರದಾ ಎಂದೋ, ಇವತ್ತೇ ತೀರ್ಮಾನಿಸಿ. ಭಾಗೀರಥಿಯಲ್ಲಿ ಎರಡು ಮಹಾಪ್ರಾಣ, ಎರಡು ದೀರ್ಘ ಇವೆ. ಕಂಪ್ಯೂಟರ್ ಮುಂದೆ ಕೂತವರು ನಾಲ್ಕನ್ನೂ ತಪ್ಪಿಸಬಲ್ಲರು. ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕೆಂದೂ ಒಮ್ಮೆಗೇ ನಿರ್ಧರಿಸಿ ಚೀಟಿಯಲ್ಲಿ ಬರೆದಿಡಿ. ಅದೃಷ್ಟಕ್ಕೆಂದು ಇನ್ನೊಂದು ‘ಎ’ ಸೇರಿಸಿ ಎನ್ನುವ ಸಂಖ್ಯಾಶಾಸ್ತ್ರದವರಿಗೆ ದುಡ್ಡು ಕೊಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

6. ತೊಟ್ಟಿಲು, ಅಕ್ಕಿ, ಕಿವಿಯಲ್ಲಿ ಮೂರು ಸಲ

ನಿಮ್ಮ ಮನೆಯ ಪದ್ಧತಿಯಂತೆ ನಡೆಸಿ.

7. ನೋಂದಣಿ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ತೀರ್ಮಾನವಾಗದಿದ್ದರೆ ಆ ಜಾಗ ಖಾಲಿ ಬಿಟ್ಟೇ ನೋಂದಾಯಿಸಬಹುದು. ಆಸ್ಪತ್ರೆಯವರು ಅವಸರ ಮಾಡಿದರೆಂದು ಬಾಯಿಗೆ ಬಂದದ್ದನ್ನು ಬರೆಯಿಸಬೇಡಿ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಅಷ್ಟು ತಡ ಮಾಡಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನದ ದಾಖಲೆ ಜನನ ಪ್ರಮಾಣಪತ್ರವೇ. ಅಚ್ಚಿಗೆ ಕೊಡುವ ಮೊದಲು ಕಂಪ್ಯೂಟರ್ ಪರದೆ ತೋರಿಸಿ ಎಂದು ಕೇಳಿ, ಚೀಟಿಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಕ್ಷರ ಓದಿ, ಆಮೇಲೆ ಸಹಿ ಹಾಕಿ.